ಒಂದು ಬೀದಿ, ಮೂರು ಬಾಗಿಲು

ಕೆಲಸದ ಸಂದರ್ಶನಕ್ಕೆ ಬಂದವರನ್ನು 'ನಿಮ್ಮ ಧರ್ಮ ಯಾವುದು?' ಎಂದು ನೇರವಾಗಿ ಕೇಳುವವರು ನಮ್ಮಲ್ಲಿ ಕಡಿಮೆ. ಅಷ್ಟು ಒರಟುತನ ನಮಗೆ ಒಗ್ಗುವುದಿಲ್ಲ. 'ಊರು ಯಾವ ಕಡೆ?' ಅನ್ನುತ್ತೇವೆ. 'ಅಪ್ಪ ಏನು ಮಾಡ್ಕೊಂಡಿದ್ದಾರೆ?' ಅನ್ನುತ್ತೇವೆ. 'ಬೆಂಗಳೂರಲ್ಲಿ ಮನೆ ಎಲ್ಲಿ?' ಎಂದು ವಿಚಾರಿಸುತ್ತೇವೆ. ಬಸವನಗುಡಿ ಎಂಬ ಉತ್ತರಕ್ಕೆ ಒಂದು ಲೆಕ್ಕ, ಶಿವಾಜಿನಗರಕ್ಕೆ ಇನ್ನೊಂದು. ಅದೂ ಸಾಲದಿದ್ದರೆ, 'ನಮ್ಮ ಕ್ಯಾಂಟೀನಿನಲ್ಲಿ ವೆಜ್ ಮಾತ್ರ, ನಿಮಗೇನೂ ತೊಂದರೆ ಇಲ್ಲ ತಾನೆ?' ಎಂಬ ಕಾಳಜಿ. ಕೇಳುವವರಿಗೆ ಇದು ಲೋಕಾಭಿರಾಮದ ಮಾತು. ಎದುರು ಕೂತ ಹುಡುಗನಿಗೆ ಗೊತ್ತು, ಕೆಲಸ ಸಿಗುವುದೂ ಬಿಡುವುದೂ ಇಲ್ಲೇ ತೀರ್ಮಾನವಾಗುತ್ತಿದೆ ಎಂದು. ಎಷ್ಟೋ ಸಲ ಇಷ್ಟು ಕೇಳುವ ಅಗತ್ಯವೂ ಬೀಳುವುದಿಲ್ಲ. ಅರ್ಜಿಯ ಮೇಲಿನ ಹೆಸರೇ ಎಲ್ಲವನ್ನೂ ಹೇಳಿ ಮುಗಿಸಿರುತ್ತದೆ.

ಹೀಗೆ ಕೇಳಬಹುದೇ? ಧರ್ಮ ನೋಡಿ ಕೆಲಸ ಕೊಡುವುದು, ಕೊಡದಿರುವುದು ನಮ್ಮ ದೇಶದಲ್ಲಿ ತಪ್ಪೇ? ಬಹಳ ಮಂದಿ 'ಸಂವಿಧಾನವೇ ಬೇಡ ಅಂದಿದೆಯಲ್ಲ' ಎಂದು ನಂಬಿದ್ದಾರೆ. ನಿಜವಾದ ಉತ್ತರ ಅಷ್ಟು ಸಲೀಸಾಗಿಲ್ಲ. ಕೆಲಸ ಕೊಡುವವರು ಯಾರು ಎಂಬುದರ ಮೇಲೆ ನ್ಯಾಯ ಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿಗೆ ಹೋಗಬೇಕು.

ಪಾರ್ಕ್ ಸ್ಟ್ರೀಟ್ ಎಂಬುದು ಹಳೆಯ ಹೆಸರು, ಈಗ ಸರ್ಕಾರಿ ಲೆಕ್ಕದಲ್ಲಿ ಅದು ಮದರ್ ತೆರೇಸಾ ಸರಣಿ. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪಿ ಸಾಕಿದ್ದ ಜಿಂಕೆವನದಿಂದ ಬೀದಿಗೆ ಆ ಹೆಸರು ಬಂತು. ಒಂದು ತುದಿಯಲ್ಲಿ ಮೆಟ್ರೊ ನಿಲ್ದಾಣ ಮತ್ತು ಏಷಿಯಾಟಿಕ್ ಸೊಸೈಟಿ. ಪೂರ್ವಕ್ಕೆ ನಡೆಯುತ್ತ ಹೋದರೆ 1767ರಲ್ಲಿ ಶುರುವಾದ ಗೋರಿಗಳ ತೋಟ. ನಡುವೆ 1927ರ ಫ್ಲೂರೀಸ್ ಬೇಕರಿ, ಉಷಾ ಉತ್ತುಪ್ ರೇಷ್ಮೆ ಸೀರೆಯುಟ್ಟು ಇಂಗ್ಲಿಷ್ ಹಾಡು ಹಾಡಿದ ಟ್ರಿಂಕಾಸ್, ಸಾಲುಸಾಲು ಹೋಟೆಲು, ಕಚೇರಿ, ಕಾಲೇಜು. ಡಿಸೆಂಬರ್ ಬಂತೆಂದರೆ ಇಡೀ ಊರು ಕ್ರಿಸ್‌ಮಸ್ ದೀಪ ನೋಡಲು ಇಲ್ಲಿಗೇ ಬರುತ್ತದೆ. ಈ ಒಂದೇ ಬೀದಿಯಲ್ಲಿ ಕೆಲಸ ಕೇಳಿಕೊಂಡು ಹೋಗುವವನ ಮುಂದೆ ಮೂರು ಥರದ ಬಾಗಿಲುಗಳಿವೆ.

ಮೊದಲ ಬಾಗಿಲು ಸರ್ಕಾರದ್ದು. 1984ರ ಅಕ್ಟೋಬರ್ 24ರಂದು ಭಾರತದ ಮೊತ್ತಮೊದಲ ಮೆಟ್ರೊ ರೈಲು ಎಸ್‌ಪ್ಲನೇಡಿನಿಂದ ಭವಾನಿಪುರಕ್ಕೆ ಹೊರಟಾಗ ದಾರಿಯಲ್ಲಿ ಸಿಕ್ಕ ಮೊದಲ ನಿಲ್ದಾಣವೇ ಪಾರ್ಕ್ ಸ್ಟ್ರೀಟ್. ಅದನ್ನು ನಡೆಸುವುದು ಭಾರತೀಯ ರೈಲ್ವೆ. ಇಲ್ಲಿ ಸಂವಿಧಾನದ 16(2)ನೇ ವಿಧಿ ನೇರವಾಗಿ ಅನ್ವಯಿಸುತ್ತದೆ: ಧರ್ಮ, ಜಾತಿ, ಲಿಂಗ, ವಂಶ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಯಾರಿಗೂ ಸರ್ಕಾರಿ ಕೆಲಸ ತಪ್ಪಬಾರದು. ಈ ಮಾತಿಗೆ ಒಂದು ಹಳೆಯ ಬೇರು ಇದೇ ಊರಿನ ಆಳ್ವಿಕೆಯಲ್ಲಿದೆ. 1833ರ ಚಾರ್ಟರ್ ಕಾಯ್ದೆಯ 87ನೇ ಕಲಮು, ಧರ್ಮ, ಜನ್ಮಸ್ಥಳ, ವಂಶ, ಬಣ್ಣದ ಕಾರಣಕ್ಕಾಗಿ ಯಾವ ಭಾರತೀಯನೂ ಕಂಪನಿಯ ಹುದ್ದೆಗೆ ಅನರ್ಹನಾಗಬಾರದು ಎಂದಿತ್ತು. ಕಂಪನಿ ಸರ್ಕಾರದ ರಾಜಧಾನಿ ಆಗ ಕಲ್ಕತ್ತ. ಆ ಮಾತನ್ನು ಬಿಳಿಯರು ಎಷ್ಟು ನಡೆಸಿದರು ಎಂಬುದು ಬೇರೆ ಕಥೆ. ಬೀದಿಯ ಒಂದನೇ ನಂಬರಿನ ಏಷಿಯಾಟಿಕ್ ಸೊಸೈಟಿಯೇ 1784ರಲ್ಲಿ ಹುಟ್ಟಿ, ಭಾರತೀಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು 1829ರ ತನಕ ಕಾಯಿಸಿತ್ತು.

ಇವತ್ತಿನ ಸರ್ಕಾರಿ ನೇಮಕದಲ್ಲಿ ಧರ್ಮ ನುಸುಳುವ ಇನ್ನೊಂದು ಕಿಂಡಿಯೂ ಬಹುಪಾಲು ಮುಚ್ಚಿದೆ. 2016ರ ಜನವರಿ 1ರಿಂದ ಕೇಂದ್ರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಲಾಯಿತು. ಪರೀಕ್ಷೆ ಬರಿ, ಅಂಕ ತಗೊ, ಕೆಲಸಕ್ಕೆ ಸೇರು. ಲಂಚ, ವಶೀಲಿ ತಪ್ಪಿಸಲು ಮಾಡಿದ ಏರ್ಪಾಡು ಇದು. ಎದುರಿಗೆ ಕೂತು 'ಊರು ಯಾವ ಕಡೆ?' ಎನ್ನುವವರೂ ಜೊತೆಗೇ ಇಲ್ಲವಾದರು.

'ಹಾಗಾದರೆ ಮೀಸಲಾತಿ?' ಎಂದು ಯಾರಾದರೂ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಸರ್ಕಾರ ಸಮುದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಲ್ಲಿ ಹಳೆಯ ಪದ್ಧತಿಯೇ. ಮೈಸೂರು ಸಂಸ್ಥಾನ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಪಾಲು ಕೊಡುವ ಮಾತೆತ್ತಿತು. ಬಂಗಾಳದಲ್ಲಿ ಚಿತ್ತರಂಜನ ದಾಸರು 1923ರ ಬಂಗಾಳ ಒಪ್ಪಂದದಲ್ಲಿ ಮುಸ್ಲಿಮರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 55ರ ಮಾತು ಕೊಟ್ಟರು. ಪಾರ್ಕ್ ಸ್ಟ್ರೀಟಿನ ಬ್ಯಾಂಡುಗಳಲ್ಲಿ ಮೆರೆದ ಆಂಗ್ಲೋ ಇಂಡಿಯನ್ನರಿಗಂತೂ ರೈಲ್ವೆ, ಸುಂಕ, ಅಂಚೆ, ತಂತಿ ಇಲಾಖೆಗಳಲ್ಲಿದ್ದ ವಿಶೇಷ ಅವಕಾಶವನ್ನು ಸಂವಿಧಾನವೇ 336ನೇ ವಿಧಿಯಲ್ಲಿ ಹತ್ತು ವರ್ಷದ ಮಟ್ಟಿಗೆ ಮುಂದುವರಿಸಿ, ಎರಡೆರಡು ವರ್ಷಕ್ಕೆ ಶೇ 10ರಂತೆ ಇಳಿಸಿ ಮುಗಿಸಿತು. ಪರಿಶಿಷ್ಟ ಜಾತಿಯ ಪಟ್ಟಿ ಇವತ್ತಿಗೂ 1950ರ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಇವುಗಳನ್ನು ಒಪ್ಪಬಹುದು, ಬಿಡಬಹುದು. ಆದರೆ ಇವೆಲ್ಲ ಗೆಜೆಟ್ಟಿನಲ್ಲಿ ಅಚ್ಚಾದ ನಿಯಮಗಳು. ಸರಿಯಿಲ್ಲ ಅನ್ನಿಸಿದರೆ ಕೋರ್ಟಿಗೆ ಹೋಗಬಹುದು. ಸಂದರ್ಶನದ ಮೇಜಿನ ಹಿಂದೆ ಕೂತವರ ಮನಸ್ಸಿನಲ್ಲಿ ನಡೆಯುವ ಲೆಕ್ಕಕ್ಕೆ ಗೆಜೆಟ್ಟೂ ಇಲ್ಲ, ಮೇಲ್ಮನವಿಯೂ ಇಲ್ಲ.

ಎರಡನೇ ಬಾಗಿಲು ಅಲ್ಪಸಂಖ್ಯಾತರ ಸಂಸ್ಥೆಗಳದ್ದು. 30ನೇ ನಂಬರಿನಲ್ಲಿ 1860ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಕಟ್ಟಿದ ಸೇಂಟ್ ಕ್ಸೇವಿಯರ್ಸ್ ಕಾಲೇಜಿದೆ. ಇಂಥ ಸಂಸ್ಥೆಗಳಿಗೆ 30ನೇ ವಿಧಿ ತಮ್ಮ ಆಡಳಿತವನ್ನು ತಾವೇ ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನೊಳಗೆ ಧರ್ಮ ನೋಡಿ ಕೆಲಸ ಕೊಡುವುದೂ ಬರುತ್ತದೆಯೇ? ಸುಪ್ರೀಂ ಕೋರ್ಟು ಇದಕ್ಕೆ ಹಂತಹಂತವಾಗಿ ಉತ್ತರ ಕೊಟ್ಟಿದೆ. ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ಸರ್ಕಾರದ ಎದುರು ಹೂಡಿದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು ಈ ಹಕ್ಕಿನ ಎಲ್ಲೆ ಗುರುತಿಸಿತು: ಸಿಬ್ಬಂದಿಯನ್ನು ಆರಿಸುವುದು ಸಂಸ್ಥೆಯ ಹಕ್ಕು, ಆದರೆ ವಿದ್ಯಾರ್ಹತೆ, ಸೇವಾನಿಯಮಗಳ ವಿಷಯದಲ್ಲಿ ಸರ್ಕಾರದ ಕಟ್ಟಳೆಗೆ ಅದು ಒಳಪಟ್ಟಿದೆ. 2006ರಲ್ಲಿ ಕೇರಳದ ಒಂದು ಕಾಲೇಜಿನ ಮೊಕದ್ದಮೆಯಲ್ಲಿ, ಮುಖ್ಯಸ್ಥರನ್ನು ಆರಿಸುವುದು ಆ ಹಕ್ಕಿನ ತಿರುಳು ಎಂದಿತು. ಕ್ಸೇವಿಯರ್ಸ್‌ಗೆ ಜೆಸ್ಯುಯಿಟ್ ಪಾದ್ರಿಯೇ ಪ್ರಿನ್ಸಿಪಾಲರಾದರೆ ಯಾರೂ ತಕರಾರು ತೆಗೆಯುವಂತಿಲ್ಲ. ಆದರೆ 2020ರ ಜನವರಿ 6ರಂದು ಪಶ್ಚಿಮ ಬಂಗಾಳದ್ದೇ ಮದರಸಾಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರ್ಕಾರದ ನೆರವು ಪಡೆದು ಗಣಿತ, ವಿಜ್ಞಾನ ಕಲಿಸುವ ಮದರಸಾಗಳಿಗೆ ಆಯೋಗವೇ ಮೇಷ್ಟ್ರುಗಳನ್ನು ಆರಿಸಿ ಕಳಿಸುವ 2008ರ ಕಾಯ್ದೆಯನ್ನು ಎತ್ತಿಹಿಡಿಯಿತು. ಧರ್ಮವನ್ನೇ ಕಲಿಸುವ ಕಡೆ ಸಂಸ್ಥೆಗೆ ಸಡಿಲ ಹೆಚ್ಚು, ಲೆಕ್ಕ ಕಲಿಸುವ ಕಡೆ ಕಡಿಮೆ.

ಈ ತರ್ಕ ನಮಗೆ ಹೊಸದಲ್ಲ. ಪೂಜೆ ಮಾಡುವವರು ಆ ಧರ್ಮದವರೇ ಆಗಿರಬೇಕು ಎಂದರೆ ಯಾರಾದರೂ ಒಪ್ಪುತ್ತಾರೆ. ದೇವಸ್ಥಾನದ ಎದುರಿನ ಚಪ್ಪಲಿ ಸ್ಟ್ಯಾಂಡು ಕಾಯುವವನಿಗೂ ಅದೇ ನಿಯಮವೇ? ಸಂವಿಧಾನದ 16(5)ನೇ ವಿಧಿ ಧಾರ್ಮಿಕ ಸಂಸ್ಥೆಗಳ ಹುದ್ದೆಗೆ ಧರ್ಮದ ಷರತ್ತು ಹಾಕಲು ಅವಕಾಶ ಕೊಡುತ್ತದೆ. ನಮ್ಮ ಮುಜರಾಯಿ ಇಲಾಖೆಯ ಆಯುಕ್ತರು ಹಿಂದೂ ಆಗಿರಬೇಕೆಂಬ ನಿಯಮ ಬಂದದ್ದು ಹಾಗೆ. ಯುರೋಪಿನ ನ್ಯಾಯಾಲಯ 2018ರಲ್ಲಿ ಇನ್ನೂ ಕಟ್ಟುನಿಟ್ಟು ಮಾಡಿತು. ಜನಾಂಗಭೇದದ ಬಗ್ಗೆ ವರದಿ ಬರೆಯುವ ಒಂದು ಕೆಲಸಕ್ಕೆ ಜರ್ಮನಿಯ ಚರ್ಚ್ ಸಂಸ್ಥೆಯೊಂದು ಕ್ರೈಸ್ತರೇ ಬೇಕೆಂದು ಜಾಹೀರಾತು ಕೊಟ್ಟಿತ್ತು. ಆ ಕೆಲಸಕ್ಕೆ ಧರ್ಮ ನಿಜಕ್ಕೂ ಬೇಕೇ ಎಂಬುದನ್ನು ಚರ್ಚು ತಾನೇ ತೀರ್ಮಾನಿಸಿಕೊಂಡರೆ ಸಾಲದು, ನ್ಯಾಯಾಲಯ ಪರಿಶೀಲಿಸಬಹುದು ಎಂಬ ತೀರ್ಪು ಬಂತು.

ಕಾನೂನಿನ ಹಂಗಿಲ್ಲದೆಯೂ ಕೋಲ್ಕತ್ತ ಈ ಪಾಠ ಕಲಿತಿದೆ. ಇದೇ ಬೀದಿಯಲ್ಲಿ 1881ರಲ್ಲಿ ಸ್ಥಾಪನೆಯಾದ ಯಹೂದಿ ಹೆಣ್ಣುಮಕ್ಕಳ ಶಾಲೆ, ಜ್ಯೂಯಿಷ್ ಗರ್ಲ್ಸ್ ಸ್ಕೂಲ್ ಇದೆ. ಊರಿನಲ್ಲಿ ಯಹೂದಿಗಳು ಕೈಬೆರಳೆಣಿಕೆಗೆ ಇಳಿದ ಮೇಲೆ ಶಾಲೆ ತುಂಬಿದ್ದು ಬಹುಪಾಲು ಮುಸ್ಲಿಂ ಹುಡುಗಿಯರಿಂದ. ಊರಿನ ಸಿನಗಾಗ್‌ಗಳ ಬೀಗದ ಕೈ ತಲೆಮಾರುಗಳಿಂದ ಇರುವುದೂ ಮುಸ್ಲಿಂ ಕಾವಲುಗಾರರ ಹತ್ತಿರ. ದೀಪ ಒರೆಸಲು, ಬೆಂಚು ಜೋಡಿಸಲು, ಬಾಗಿಲು ಕಾಯಲು ನಂಬಿಕಸ್ಥ ಮನುಷ್ಯ ಬೇಕಿತ್ತು. ಅಂಥವನು ಸಿಕ್ಕ, ಇಟ್ಟುಕೊಂಡರು.

ಮೂರನೇ ಬಾಗಿಲು ಖಾಸಗಿಯವರದ್ದು. ಹೋಟೆಲು, ಅಂಗಡಿ, ಕಂಪನಿ. ದೇಶದ ಬಹುಪಾಲು ದುಡಿಯುವ ಜನ ದಾಟುವುದು ಈ ಬಾಗಿಲನ್ನೇ. ಇಲ್ಲಿ 16ನೇ ವಿಧಿ ಒಳಗೆ ಬರುವುದಿಲ್ಲ, ಅದು ಸರ್ಕಾರಕ್ಕೆ ಹಾಕಿದ ಲಗಾಮು. ಅಂಗವಿಕಲರನ್ನು ಖಾಸಗಿಯವರೂ ತಾರತಮ್ಯದಿಂದ ಕಾಣಬಾರದು ಎಂದು 2016ರ ಕಾಯ್ದೆಯಿದೆ. ಎಚ್‌ಐವಿ ಇದ್ದವರ ಪರವಾಗಿ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರ ಪರವಾಗಿ 2019ರ ಕಾಯ್ದೆ ಇದೆ. ಅದೇ 2019ರ ವೇತನ ಸಂಹಿತೆಯ ಮೂರನೇ ಕಲಮು ನೇಮಕ, ಸಂಬಳದಲ್ಲಿ ಲಿಂಗಭೇದ ಕೂಡದು ಅನ್ನುತ್ತದೆ. ಧರ್ಮಭೇದದ ಮಾತು ಅದರಲ್ಲಿಲ್ಲ. ಉದ್ಯೋಗದಲ್ಲಿ ಧರ್ಮಭೇದ ಮಾಡುವುದಿಲ್ಲ, ಮಾಡಗೊಡುವುದಿಲ್ಲ ಎಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಪ್ಪಂದಕ್ಕೆ ಭಾರತ ಸಹಿ ಹಾಕಿ ಒಪ್ಪಿದ್ದು 1960ರಲ್ಲಿ. 2006ರ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕೆಂದಿತು. ಖಾಸಗಿ ಸಂದರ್ಶನದ ಕೋಣೆಗೆ ಕಾಲಿಡುವ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ.

ಅದರ ಫಲ ಏನು? 2015ರಲ್ಲಿ ಮುಂಬೈಯ ವಜ್ರ ರಫ್ತು ಕಂಪನಿಯೊಂದು ಎಂಬಿಎ ಮುಗಿಸಿದ ಯುವಕನಿಗೆ 'ನಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುತ್ತೇವೆ' ಎಂಬರ್ಥದ ಇ-ಮೇಲ್ ಕಳಿಸಿತು. ದೇಶವೆಲ್ಲ ಗುಲ್ಲೆದ್ದಿತು, ಪೊಲೀಸರು ಮೊಕದ್ದಮೆ ಹಾಕಿದರು. ಹಾಕಿದ್ದು ಉದ್ಯೋಗದ ಯಾವ ಕಾಯ್ದೆಯಡಿಯೂ ಅಲ್ಲ, ರಾಷ್ಟ್ರೀಯ ಏಕತೆಗೆ ಧಕ್ಕೆ ತರುವ ಮಾತಿಗೆ ದಂಡ ಸಂಹಿತೆಯಲ್ಲಿದ್ದ 153-ಬಿ ಕಲಮಿನಡಿ. ಅಂದರೆ ಸಿಕ್ಕಿಬಿದ್ದದ್ದು ಬರೆದುಕೊಟ್ಟ ತಪ್ಪಿಗೆ. ಬರೆಯದೆ ಸುಮ್ಮನೆ ಅರ್ಜಿ ಪಕ್ಕಕ್ಕಿಟ್ಟಿದ್ದರೆ ಕೇಳುವವರೇ ಇರಲಿಲ್ಲ.

ಹಾಗೆ ಪಕ್ಕಕ್ಕಿಡುವುದು ಎಷ್ಟು ಸಾಮಾನ್ಯ ಎಂಬುದನ್ನು ಎರಡು ಪ್ರಯೋಗಗಳು ತೋರಿಸಿವೆ. ಅರ್ಥಶಾಸ್ತ್ರಜ್ಞ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 66 ವಾರಗಳ ಕಾಲ ಪತ್ರಿಕೆಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಒಂದೇ ಮಟ್ಟದ ಓದು, ಹೆಸರು ಮಾತ್ರ ಬೇರೆಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹದಿನೈದು ವರ್ಷದ ಮೇಲೆ, 2022ರಲ್ಲಿ, ಲೆಡ್ ಬೈ ಫೌಂಡೇಶನ್ ಇನ್ನೊಂದು ಪ್ರಯೋಗ ಮಾಡಿತು. ಸಾವಿರ ಕೆಲಸಗಳಿಗೆ ಒಂದೇ ಅರ್ಹತೆಯ ಎರಡು ಕಲ್ಪಿತ ಬಯೋಡೇಟಾ. ಒಂದರ ಮೇಲೆ ಪ್ರಿಯಾಂಕಾ ಶರ್ಮಾ, ಇನ್ನೊಂದರ ಮೇಲೆ ಹಬೀಬಾ ಅಲಿ. ಫೋಟೊ ಇಲ್ಲ. ಪ್ರಿಯಾಂಕಾಗೆ 208 ಕಡೆಯಿಂದ ಒಳ್ಳೆಯ ಉತ್ತರ ಬಂತು, ಹಬೀಬಾಗೆ 103.

ಈ ನಷ್ಟವನ್ನು ಮಾಡಿದವರು ಕೆಟ್ಟವರೇ ಆಗಿರಬೇಕಿಲ್ಲ. ಸುರಿಂದರ್ ಜೋಧಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾಧಿಕಾರಿಗಳನ್ನು ಮಾತಾಡಿಸಿದಾಗ, 'ನಮಗೆ ಪ್ರತಿಭೆಯೊಂದೇ ಮುಖ್ಯ' ಎಂದವರೇ ಮರುಗಳಿಗೆ 'ಕುಟುಂಬದ ಹಿನ್ನೆಲೆ ಮಾತ್ರ ಕೇಳಿಯೇ ಕೇಳುತ್ತೇವೆ' ಎಂದರು. ನಮ್ಮ 'ಅಪ್ಪ ಏನು ಮಾಡ್ಕೊಂಡಿದ್ದಾರೆ?' ಅದೇ. 'ಒಳ್ಳೆ ಮನೆತನ' ಎಂಬ ಮಾತಿನಲ್ಲಿ ಜಾತಿ, ಧರ್ಮ ಎರಡೂ ಸದ್ದಿಲ್ಲದೆ ಒಳಗೆ ಬಂದು ಕೂರುತ್ತವೆ. ಅಮೆರಿಕದ ಕಾನೂನು ಈ ಊಹೆಯನ್ನೇ ಹಿಡಿದಿದೆ. ಓಕ್ಲಹೋಮಾದ ಟಲ್ಸಾದಲ್ಲಿ ತಲೆವಸ್ತ್ರ ಧರಿಸಿ ಬಂದ ಹದಿಹರೆಯದ ಹುಡುಗಿಗೆ ಆಬರ್‌ಕ್ರಾಂಬಿ ಬಟ್ಟೆ ಕಂಪನಿ ಕೆಲಸ ಕೊಡಲಿಲ್ಲ. 'ಧರ್ಮದ ಕಾರಣಕ್ಕೆ ಹಾಕಿಕೊಂಡಿದ್ದೇನೆ ಎಂದು ಅವಳು ಹೇಳಲೇ ಇಲ್ಲವಲ್ಲ' ಎಂಬುದು ಕಂಪನಿಯ ವಾದ. ಹೇಳಿದರೂ ಅಷ್ಟೆ, ನೀವೇ ಊಹಿಸಿಕೊಂಡರೂ ಅಷ್ಟೆ, ಅದರ ಮೇಲೆ ಕೆಲಸ ತಪ್ಪಿಸುವಂತಿಲ್ಲ ಎಂದು 2015ರ ಜೂನ್ 1ರಂದು ಅಲ್ಲಿನ ಸುಪ್ರೀಂ ಕೋರ್ಟು 8-1ರಲ್ಲಿ ತೀರ್ಪು ಕೊಟ್ಟಿತು.

ಇಲ್ಲಿಯವರೆಗೆ ಬಾಗಿಲ ಹೊರಗಿನ ಮಾತಾಯಿತು. ಒಳಗೆ ಹೋದ ಮೇಲೆ ಲೆಕ್ಕ ತಿರುವುಮುರುವು. ಹೊರಗಿದ್ದಾಗ ಧರ್ಮ ಕಾಣಿಸಬಾರದು ಎಂದು ಹೋರಾಡಿದವನಿಗೆ, ಒಳಗೆ ಬಂದ ಮೇಲೆ ತನ್ನ ಹಬ್ಬ ಯಾರಿಗಾದರೂ ಕಾಣಿಸಲಿ ಅನ್ನಿಸುತ್ತದೆ.

2025ರವರೆಗೆ ಜಾರಿಯಲ್ಲಿದ್ದ 1965ರ ಬೋನಸ್ ಪಾವತಿ ಕಾಯ್ದೆಯನ್ನು ತೆಗೆದು ನೋಡಿ. ಶೇ 8.33ಕ್ಕೆ ಕಡಿಮೆಯಿಲ್ಲದೆ, ಶೇ 20ಕ್ಕೆ ಮೀರದೆ ಬೋನಸ್ ಎಂದೆಲ್ಲ ಒಣ ಲೆಕ್ಕ ಹೇಳುತ್ತಿದ್ದ ಆ ಕಾಯ್ದೆಯ 17ನೇ ಕಲಮಿನಲ್ಲಿ ದುರ್ಗೆ ಅಡಗಿ ಕೂತಿದ್ದಳು. ಮಾಲೀಕರು 'ಪೂಜಾ ಬೋನಸ್ ಅಥವಾ ವಾಡಿಕೆಯ ಬೇರೆ ಬೋನಸ್' ಕೊಟ್ಟಿದ್ದರೆ ಅದನ್ನು ಕಾಯ್ದೆಯ ಬೋನಸ್ಸಿನಲ್ಲಿ ಮುರಿದುಕೊಳ್ಳಬಹುದು ಎನ್ನುತ್ತಿತ್ತು ಆ ಕಲಮು. ಇಡೀ ದೇಶದ ಕಾನೂನಿಗೆ ಬಂಗಾಳದ ಹಬ್ಬ ಹೀಗೆ ಬಂತು. ಅದಕ್ಕೆ ಆರು ವರ್ಷ ಮೊದಲು, 1959ರಲ್ಲಿ, ಕಲ್ಕತ್ತೆಯ ಇಸ್ಪಹಾನಿ ಕಂಪನಿಯ ನೌಕರರ ಪೂಜಾ ಬೋನಸ್ಸಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬಿಟ್ಟೂಬಿಡದೆ ಕೊಟ್ಟುಕೊಂಡು ಬಂದ ಪೂಜಾ ಬೋನಸ್ ಕೆಲಸದ ಒಪ್ಪಂದದ ಭಾಗವೇ ಆಗಿಬಿಡಬಹುದು, ಲಾಭ ಬಂದರೆ ಮಾತ್ರ ಎಂಬ ಷರತ್ತು ಅದಕ್ಕಿಲ್ಲ ಎಂಬ ತತ್ವವನ್ನು ಕೋರ್ಟು ಆಗ ಒಪ್ಪಿತು. ಇಸ್ಪಹಾನಿಗಳು ಚಹಾ ವ್ಯಾಪಾರಕ್ಕೆ ಹೆಸರಾದ ಮುಸ್ಲಿಂ ಮನೆತನದವರು. ಕೊಟ್ಟುಕೊಂಡು ಬಂದದ್ದು ದುರ್ಗಾಪೂಜೆಯ ಬೋನಸ್.

ಇವತ್ತು ಪಶ್ಚಿಮ ಬಂಗಾಳ ಸರ್ಕಾರ ತನ್ನ ಕೆಳಹಂತದ ನೌಕರರಿಗೆ ಕೊಡುವ ಬೋನಸ್ಸಿಗೆ ಒಂದೇ ಮೊತ್ತ, ಎರಡು ದಿನಾಂಕ. ಮುಸ್ಲಿಂ ನೌಕರರಿಗೆ ಈದ್-ಉಲ್-ಫಿತರ್ ಮೊದಲು, ಉಳಿದವರಿಗೆ ದುರ್ಗಾಪೂಜೆಯ ಮೊದಲು. ಯಾರಿಗೂ ಒಂದು ರೂಪಾಯಿ ಹೆಚ್ಚಿಲ್ಲ. ಹೊಸ ಬಟ್ಟೆ ತರುವ ಹೊತ್ತಿಗೆ ಕೈಯಲ್ಲಿ ಕಾಸಿರುತ್ತದೆ, ಅಷ್ಟೆ. ಇದನ್ನು ಓಲೈಕೆ ಅನ್ನುವವರು ಮೊತ್ತ ನೋಡಬೇಕು. ನನ್ನ ತಕರಾರು ಬೇರೆ. ಪಾರ್ಕ್ ಸ್ಟ್ರೀಟಿನ ದೀಪಗಳು ಯಾರ ಹಬ್ಬಕ್ಕೆ ಹಚ್ಚಿದ್ದೋ ಆ ಕ್ರೈಸ್ತ ಗುಮಾಸ್ತ 'ಉಳಿದವರ' ಪಟ್ಟಿಯಲ್ಲಿದ್ದಾನೆ. ಯಾವ ಹಬ್ಬಕ್ಕೆ ಬೇಕು ಎಂದು ನೌಕರನೇ ಒಂದು ಸಾಲು ಬರೆದುಕೊಟ್ಟರೆ ಈ ತೊಡಕೇ ಇರುತ್ತಿರಲಿಲ್ಲ.

ಕರ್ನಾಟಕದಲ್ಲೂ ಇದೇ ಕಥೆ ರಜೆಯ ರೂಪದಲ್ಲಿದೆ. 1963ರ ನಮ್ಮ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಕಾರ್ಖಾನೆಗಳು ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವಗಳ ಜೊತೆಗೆ ಐದು ಹಬ್ಬದ ರಜೆ ಕೊಡಬೇಕು. ಯಾವ ಐದು? ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧಪೂಜೆ, ದೀಪಾವಳಿ ಎಂದು ಐದೂ ತುಂಬಿದರೆ ನೋಟಿಸ್ ಬೋರ್ಡಿನಲ್ಲಿ ರಂಜಾನಿಗೂ ಕ್ರಿಸ್‌ಮಸ್ಸಿಗೂ ಜಾಗವಿಲ್ಲ. ಯಾರೂ ದ್ವೇಷದಿಂದ ಮಾಡಿದ್ದಲ್ಲ, ಹೆಚ್ಚು ಜನ ಕೈಯೆತ್ತಿದ್ದಕ್ಕೆ ಆದದ್ದು. ಸರ್ಕಾರಿ ನೌಕರರಿಗೆ ಇರುವ ಎರಡು ಪರಿಮಿತ ರಜೆ ಇದಕ್ಕೆ ಸುಲಭದ ಮದ್ದು. ಪಟ್ಟಿಯಿಂದ ತನಗೆ ಬೇಕಾದ್ದನ್ನು ನೌಕರ ಆರಿಸಿಕೊಳ್ಳುತ್ತಾನೆ, ಕಾರಣ ಕೇಳುವವರಿಲ್ಲ. ಯುಗಾದಿ ಮಾಡದವನು ಗುಡ್ ಫ್ರೈಡೆ ಮಾಡಲಿ, ಯಾವುದನ್ನೂ ಮಾಡದವನು ಮನೆಯಲ್ಲಿ ನಿದ್ದೆ ಮಾಡಲಿ.

ಅಂಗಡಿ ಮುಚ್ಚಲಾಗದ ಕಡೆ ಏನು ಮಾಡುವುದು? ಡಿಸೆಂಬರ್ 25ರ ಸಂಜೆ ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ. ಊರಿಗೆಲ್ಲ ಹಬ್ಬವಾದರೆ ತಟ್ಟೆ ಹಿಡಿದವನಿಗೆ ವರ್ಷದ ಅತಿ ಉದ್ದದ ಪಾಳಿ. ಇದಕ್ಕೆ ನಮ್ಮ ಆಸ್ಪತ್ರೆಯ ನರ್ಸುಗಳು, ಬಸ್ ಡಿಪೊಗಳ ಕಂಡಕ್ಟರುಗಳು ಯಾವ ಕಾಯ್ದೆಯನ್ನೂ ಓದದೆ ಪರಿಹಾರ ಕಂಡುಕೊಂಡಿದ್ದಾರೆ. 'ರಂಜಾನಿಗೆ ನಿನ್ನ ಡ್ಯೂಟಿ ನಾನು ಮಾಡ್ತೀನಿ, ಗಣಪತಿ ಹಬ್ಬಕ್ಕೆ ನನ್ನದು ನೀನು ನೋಡ್ಕೊ.' ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಭಾನುವಾರ ದುಡಿಯಲಾರೆ ಎಂದ ಅಂಚೆ ನೌಕರನೊಬ್ಬನ ಮೊಕದ್ದಮೆಯಲ್ಲಿ ಬಹಳ ಯೋಚಿಸಿ ಹೇಳಿದ್ದೂ ಸುಮಾರಾಗಿ ಇದನ್ನೇ: ವ್ಯವಹಾರಕ್ಕೆ ನಿಜವಾಗಿ ದೊಡ್ಡ ಹೊರೆ ಬೀಳದಿದ್ದರೆ ಅನುಕೂಲ ಮಾಡಿಕೊಡಿ, ಆ ಧರ್ಮ ಕಂಡರೆ ಸಹೋದ್ಯೋಗಿಗಳಿಗೆ ಆಗುವುದಿಲ್ಲ ಎಂಬುದು ಹೊರೆಯ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ನಿಯಮ ಇಷ್ಟೆ. ಕೆಲಸ ಕೊಡುವ ಮೊದಲು ಮಾಲೀಕ ಕೇಳಬಾರದು. ಕೊಟ್ಟ ಮೇಲೆ ನೌಕರ ಹೇಳಿಕೊಂಡರೆ ಕಿವಿಗೆ ಹಾಕಿಕೊಳ್ಳಬೇಕು. 'ಹಬ್ಬದ ದಿನ ಬರುತ್ತೀರಾ ಎಂದು ತಿಳಿಯುವುದು ಬೇಡವೇ?' ಎಂದರೆ, ಬೇಕು. 'ಶುಕ್ರವಾರ ಮಧ್ಯಾಹ್ನ, ಡಿಸೆಂಬರ್ 25, ಅಕ್ಟೋಬರಿನ ಹಬ್ಬದ ವಾರ, ಈ ದಿನಗಳಲ್ಲೂ ಪಾಳಿ ಬೀಳುತ್ತದೆ, ಆಗುತ್ತದೆಯೇ?' ಎಂದು ಬಂದ ಎಲ್ಲರನ್ನೂ ಕೇಳಿ. ಕೆಲಸದ ಬಗ್ಗೆ ಕೇಳಿದಂತಾಯಿತು, ದೇವರ ಬಗ್ಗೆ ಕೇಳಿದಂತಾಗಲಿಲ್ಲ.

ಖಾಸಗಿ ನೇಮಕಕ್ಕೆ ಕಾನೂನು ಕೈಹಾಕುವುದು ಅತಿಯಾಯಿತು ಎನ್ನುವವರಿಗೆ ಒಂದು ನೆನಪು. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಇಂತಿಷ್ಟು ಕೆಲಸ ಎಂಬ ಮಸೂದೆಯನ್ನು ಒಪ್ಪಿ, ಉದ್ಯಮಿಗಳು ಗದ್ದಲವೆಬ್ಬಿಸಿದ ಮೇಲೆ ತಡೆಹಿಡಿಯಿತು. ಯಾರನ್ನು ತೆಗೆದುಕೊಳ್ಳಬೇಕು ಎಂದು ಹೇಳುವಷ್ಟು ದೂರ ಹೋದವರಿಗೆ, ಯಾರನ್ನೂ ಧರ್ಮ ನೋಡಿ ಕಳಿಸಬೇಡಿ ಎನ್ನುವ ಒಂದು ಸಾಲಿನ ಕಾಯ್ದೆ ಕಷ್ಟವಾಗಬಾರದು.

ಕಾಯ್ದೆ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಸರ್ಕಾರಿ ನಮೂನೆಗಳಲ್ಲಿ ಧರ್ಮ ಹೇಳಲೇಬೇಕೆಂದು ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಬಾಂಬೆ ಹೈಕೋರ್ಟು 2014ರಲ್ಲೇ ಹೇಳಿದೆ. ನಿಮ್ಮ ಕಚೇರಿಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಕೆಲಸ ಕೇಳಿ ಬಂದವರಿಗೆ ಕೊಡುವ ಅರ್ಜಿಯ ನಮೂನೆಯನ್ನು ನಾಳೆ ಒಮ್ಮೆ ತೆಗೆದು ನೋಡಿ. ಹೆಸರು, ವಯಸ್ಸು, ತಂದೆಯ ಹೆಸರುಗಳ ಆಸುಪಾಸಿನಲ್ಲಿ 'ಧರ್ಮ' ಎಂಬ ಒಂದು ಖಾನೆ, ಯಾವ ಕಾಲದಲ್ಲೋ ಯಾರೋ ಅಚ್ಚು ಹಾಕಿಸಿದ್ದು, ಇನ್ನೂ ಇರಬಹುದು. ಅದನ್ನು ಅಲ್ಲಿಂದ ತೆಗೆಯಿರಿ. ಬೇಕೆನಿಸಿದರೆ ನೌಕರನೇ ತುಂಬಿಕೊಳ್ಳಲಿ ಎಂದು ರಜೆ ಚೀಟಿಯಲ್ಲಿ 'ಯಾವ ಹಬ್ಬಕ್ಕೆ?' ಎಂಬ ಒಂದು ಖಾಲಿ ಗೆರೆ ಬಿಡಿ.